ಅಂಗಡಿಯ ಹೊರಗಿನ ಕೂಸು

1979ರಲ್ಲಿ ನಮ್ಮ ಯಜಮಾನರನ್ನು ಯಶವಂತಪುರದ ಕಾರ್ಖಾನೆಯವರು ತರಬೇತಿಗೆಂದು ಕೋಪನ್‌ಹೇಗನ್‌ಗೆ ಕಳಿಸಿದರು. ಜೊತೆಗೆ ನಾನೂ ಹೋದೆ. ಅಲ್ಲಿ ವಾಹನಗಳೇ ಬಾರದ ಹಳೆಯ ಅಂಗಡಿ ಬೀದಿಯಲ್ಲಿ ಅಡ್ಡಾಡುತ್ತಿದ್ದಾಗ ಗಕ್ಕನೆ ನಿಂತುಬಿಟ್ಟೆ. ಬಟ್ಟೆಯಂಗಡಿಯ ಹೊರಗೆ, ಆ ಕೊರೆಯುವ ಚಳಿಯಲ್ಲಿ, ತಳ್ಳುಗಾಡಿಯೊಳಗೆ ಒಂದು ಹಸುಗೂಸು ಒಂಟಿಯಾಗಿ ಮಲಗಿತ್ತು.

"ರೀ, ಹೆತ್ತವಳಿಗೆ ಬುದ್ಧಿ ಬೇಡ್ವೇನ್ರೀ? ಯಾರಾದ್ರೂ ಎತ್ಕೊಂಡು ಹೋದ್ರೆ?"

"ಇಲ್ಲಿ ಎಲ್ರೂ ಹಿಂಗೇ ಬಿಡ್ತಾರೆ ಕಣೇ. ನೀನು ಸುಮ್ನೆ ಬಾ."

ಸುಮ್ಮನೆ ಹೋಗುವುದು ಹೇಗೆ? ದಾರಿಹೋಕರ ಕಣ್ಣೆಲ್ಲ ಆ ಕೆಂಪು ಕೆನ್ನೆಯ ಮೇಲೇ ಇತ್ತು. ನನ್ನ ಕಣ್ಣಿನ ಕಾಡಿಗೆಯನ್ನೇ ಬೆರಳಿಗೆ ಒರೆಸಿಕೊಂಡು ಅದರ ಕೆನ್ನೆಗೊಂದು ದೃಷ್ಟಿಬೊಟ್ಟು ಇಟ್ಟೆ.

ಅಷ್ಟರಲ್ಲಿ ತಾಯಿ ಹೊರಗೆ ಬಂದಳು. ಕೂಸನ್ನು ನಡುಬೀದಿಯಲ್ಲಿ ಬಿಟ್ಟುಹೋಗಲು ಹೆದರದವಳು, ನನ್ನ ಕಾಡಿಗೆಯ ಚುಕ್ಕೆ ಕಂಡು ಕಿಟಾರನೆ ಕಿರುಚಿದಳು.