ಕೆಂಪು ಮುಚ್ಚಳದ ಬಾಟಲಿ

ಮತ್ತೆ ಗಂಟಲಲ್ಲಿ ಸಿಕ್ಕಿಕೊಂಡಿತು ಈ ಜ್ಯೂಸರಿಗೆ, ಕ್ಯಾರೆಟ್ಟಿನ ಬುಡ ದಪ್ಪಗಿದ್ದರೆ ಹೀಗೇ, ನಿಲ್ಲಿಸು, ಹಿಂದಕ್ಕೆ ತಿರುಗಿಸು, ಮತ್ತೆ ಮುಂದಕ್ಕೆ — ಹಾಂ, ಹೊರಟಿತು, ಗುಂಯ್ ಎಂದು ಒಂದೇ ಸಮನೆ, ಪಕ್ಕದ ಕೋಣೆಗೂ ಕೇಳಿಸದಷ್ಟು ಮೆಲ್ಲಗೆ. ಸದ್ದೇ ಇಲ್ಲ ನೋಡು, ನಿಧಾನಕ್ಕೆ ಹಿಂಡುತ್ತೆ, ಸತ್ವ ಒಂದು ಚೂರೂ ಹಾಳಾಗಲ್ಲ, ಎಂದು ಇದನ್ನು ತಂದ ದಿನ ಇವರು ಪೆಟ್ಟಿಗೆಯ ಮೇಲಿನದ್ದನ್ನೇ ಓದಿ ಹೇಳಿದ್ದು, ನನಗಾಗಿ ತಂದರೇನೋ ಎಂದುಕೊಂಡೆನಲ್ಲ, ಹುಚ್ಚಿ. ಈ ಕಡೆ ರಸ, ಆ ಕಡೆ ಹಿಪ್ಪೆ. ರಸ ಇವರಿಗೆ, ಹಸಿರು ಮುಚ್ಚಳದ ಸ್ಟೀಲ್ ಬಾಟಲಿಯಲ್ಲಿ, ಹಿಪ್ಪೆ ನನಗೆ — ಅದರಲ್ಲಿ ನಾರಿರುತ್ತೆ ಕಣೇ, ಎಸೀಬೇಡ, ಹಿಟ್ಟಲ್ಲಿ ಕಲಸ್ಕೊಂಡು ತಿನ್ನು — ತಿಂದೆ, ದಿನಾ ತಿಂದೆ, ಹಿಂಡಿ ಹಿಪ್ಪೆ ಮಾಡಿಬಿಟ್ಟರು ಅಂತ ಅಮ್ಮ ಯಾರ ಬಗ್ಗೆಯೋ ಹೇಳುತ್ತಿದ್ದಾಗ ಅದು ಬರೀ ಮಾತಿಗೆ ಎಂದುಕೊಂಡಿದ್ದೆ. ಆಮೇಲೆ ಬಂತು ಈ ಕೆಂಪು ಮುಚ್ಚಳದ್ದು. ಆಫೀಸಲ್ಲಿ ಪಕ್ಕದ ಮೇಜಿನವರಿಗೆ ರಕ್ತ ಕಮ್ಮಿಯಂತೆ, ಪಾಪ, ಅವರು ಒಬ್ರೇ ಇರೋದು, ಹೇಗೂ ಮಾಡ್ತೀಯಲ್ಲ, ಇನ್ನೊಂದು ಬಾಟಲಿಗೆ ಆಗೋಷ್ಟು ಹಾಕು. ಮನೆಗೆ ಮಾರಿ, ಊರಿಗೆ ಉಪಕಾರಿ. ಗಂಡಸೋ ಹೆಂಗಸೋ ಇವರು ಹೇಳಲಿಲ್ಲ, ನಾನೂ ಕೇಳಲಿಲ್ಲ, ಅವರು ಎನ್ನುವ ಒಂದು ಮಾತಿನ ಹಿಂದೆ ಯಾರು ಬೇಕಾದರೂ ಅಡಗಿಕೊಳ್ಳಬಹುದು. ತಲೆಗೂದಲು ನರೆತ ಗುಮಾಸ್ತನೊಬ್ಬನನ್ನು ನಾನೇ ಮನಸ್ಸಿನಲ್ಲಿ ಮಾಡಿಕೊಂಡು, ಅವನಿಗಾಗಿ ಬೀಟ್ರೂಟಿನ ಸಿಪ್ಪೆ ತೆಗೆದೆ.

ಇವತ್ತು ಬಚ್ಚಲುಮನೆಯ ಬಾಗಿಲು ಅರ್ಧ ತೆಗೆದು, ಮುಖಕ್ಕೆಲ್ಲ ಸೋಪಿನ ನೊರೆ ಹಚ್ಚಿಕೊಂಡು, ಲೇ, ಕೆಂಪು ಮುಚ್ಚಳದ್ದಕ್ಕೆ ಇನ್ಮೇಲೆ ಅನಾನಸು ಹಾಕ್ಬೇಡ, ಪರಂಗೀನೂ ಬೇಡ, ಅವಳಿಗೆ ಆಗಲ್ಲ. ಬಾಗಿಲು ಮುಚ್ಚಿತು, ನೀರು ಸುರಿಯತೊಡಗಿತು. ಅವಳಿಗೆ. ಬಾಯಿ ತಪ್ಪಿತೆಂದು ಇವರಿಗೆ ಗೊತ್ತೇ ಆಗಿಲ್ಲ, ಒಳಗೆ ಸಿಳ್ಳೆ ಹಾಕುತ್ತಿದ್ದಾರೆ. ಹೋದ ತಿಂಗಳು ಶುಂಠಿ ಬೇಡವೆಂದಾಯಿತು, ವಾಸನೆಗೇ ವಾಂತಿ ಬರುತ್ತಂತೆ, ಆಮೇಲೆ ಹಸಿರು ಸೇಬೇ ಬೇಕಂತೆ, ಹುಳಿ ಇರೋದು, ನನ್ನ ನರೆಗೂದಲಿನ ಗುಮಾಸ್ತನಿಗೆ ಪಿತ್ತವಿರಬೇಕು ಎಂದು ನಾನು ಎರಡು ಅಂಗಡಿ ತಿರುಗಿ ಹುಳಿ ಸೇಬು ತಂದೆ. ಪಿತ್ತವಲ್ಲ, ಬಯಕೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಿತು, ಬಟ್ಟಲು ತುಂಬಿಸಿ ಇಟ್ಟವಳು ನಾನು. ನಾನು ಬಸುರಿಯಾಗಿದ್ದಾಗ ನನಗೂ ಹುಳಿಯೇ ಬೇಕಿತ್ತು, ಫೋನಿನಲ್ಲಿ ಅಮ್ಮ, ಪರಂಗಿ ಮುಟ್ಬೇಡ ಕಣಮ್ಮ, ಅನಾನಸು ತಿನ್ಬೇಡ, ಇವರು ಪಕ್ಕದಲ್ಲೇ ಕೂತು ನಕ್ಕಿದ್ದು, ನಿಮ್ಮಮ್ಮಂದು ಎಲ್ಲಾ ಅಜ್ಜಿ ಕಾಲದ ಪುರಾಣ, ಎನ್ನುತ್ತ ನನ್ನೆದುರೇ ಅನಾನಸಿನ ಹೋಳು ಕಚ್ಚಿದರು, ರಸ ಮೊಣಕೈವರೆಗೆ ಇಳಿಯಿತು. ನಾನು ಮೂಸಿಯೂ ನೋಡಲಿಲ್ಲ. ಆದರೂ ಬಸಿರು ನಿಲ್ಲಲಿಲ್ಲ. ಆಸ್ಪತ್ರೆಯಿಂದ ಬಂದ ಸಂಜೆ, ಹೋಗ್ಲಿ ಬಿಡು, ಮತ್ತೆ ಆಗುತ್ತೆ, ಎಂದು ಟಿವಿ ಹಾಕಿಕೊಂಡರು, ಮತ್ತೆ ಆಗಲಿಲ್ಲ. ಅಂದಿನ ಪುರಾಣ ಇಂದು ಇವರ ಬಾಯಲ್ಲೇ ಬಂತು, ನನ್ನ ಪಾಲಿಗೆ ಮಾತ್ರ ಅದು ಪುರಾಣ.

ಹೆಚ್ಚುವ ಮಣೆಯ ಮೇಲೆ ಅನಾನಸು ಆಗಲೇ ಹೋಳಾಗಿ ಬಿದ್ದಿದೆ, ಒಂದು ಹೋಳು ಹಾಕಿದರೆ ಈ ಬೀಟ್ರೂಟಿನ ಕೆಂಪಿನಲ್ಲಿ ಯಾರಿಗೆ ಗೊತ್ತಾಗುತ್ತದೆ, ಕೈ ಜ್ಯೂಸರಿನ ಬಾಯಿಯ ತನಕ ಹೋಯಿತು, ಹೋಗಿಯೇಬಿಟ್ಟಿತು — ಬೇಡ, ಹೊಟ್ಟೆಯೊಳಗಿರುವುದಕ್ಕೆ ಏನು ಗೊತ್ತು ಪಾಪ, ಇಷ್ಟು ದಿನ ಅದನ್ನು ಸಾಕಿದವಳೂ ನಾನೇ ಅಲ್ಲವೇ, ಅದರ ರಕ್ತದಲ್ಲಿ ನಾನು ಹಿಂಡಿದ ಬೀಟ್ರೂಟಿದೆ. ಹೋಳನ್ನು ನನ್ನ ಬಾಯಿಗೇ ಹಾಕಿಕೊಂಡೆ, ನಾಲಿಗೆ ಚುರುಗುಟ್ಟಿತು, ನನಗಿನ್ನು ಯಾವ ಪಥ್ಯ. ಕೆಂಪು ಮುಚ್ಚಳದ್ದು ಕುತ್ತಿಗೆವರೆಗೆ ತುಂಬಿದೆ, ಎತ್ತಿ ಕುಡಿದೆ, ನಿಂತಲ್ಲೇ, ಉಸಿರು ಬಿಡದೆ, ಇಷ್ಟು ರುಚಿಯಿರುತ್ತದೆಯೇ ಇದು, ಹಿಪ್ಪೆ ತಿಂದವಳಿಗೆ ಹೇಗೆ ಗೊತ್ತಾಗಬೇಕು. ಬಾಟಲಿ ತೊಳೆದೆ, ಒರೆಸಿದೆ, ಖಾಲಿ ಬಾಟಲಿಗೆ ಮುಚ್ಚಳ ತಿರುಗಿಸಿದೆ, ಸೋರಬಾರದು ಎಂದು ದಿನವೂ ತಿರುಗಿಸುವಷ್ಟೇ ಬಿಗಿಯಾಗಿ, ಹಸಿರಿನ ಪಕ್ಕ ಚೀಲದಲ್ಲಿ ನಿಲ್ಲಿಸಿದೆ. ಆಯ್ತೇನೇ? ಆಯ್ತು ರೀ. ಚೀಲ ಹೆಗಲಿಗೇರಿಸಿ ಇವರು — ಇವನು — ಹೊರಟ, ಮೆಟ್ಟಿಲಿಳಿದ, ತಿರುಗಿ ನೋಡಲಿಲ್ಲ. ಜ್ಯೂಸರ್ ಇನ್ನೂ ತಿರುಗುತ್ತಿದೆ, ಒಳಗೇನೂ ಇಲ್ಲ, ನಿಲ್ಲಿಸಬೇಕು, ನಿಲ್ಲಿಸುತ್ತೇನೆ, ಮಧ್ಯಾಹ್ನ ಪಕ್ಕದ ಮೇಜಿನಲ್ಲಿ ಒಂದು ಕೈ ಚಾಚುತ್ತದೆ, ಬೆರಳುಗಳು ಹೇಗಿವೆಯೋ, ಮುಚ್ಚಳ ತಿರುಗಿಸುತ್ತವೆ, ಬಿಗಿಯಾಗಿದೆ, ಮತ್ತೆ ತಿರುಗಿಸುತ್ತವೆ, ಅವಳು ಬಗ್ಗಿ ಒಳಗೆ ನೋಡುತ್ತಾಳೆ, ಆಮೇಲೆ ತಲೆಯೆತ್ತಿ ಇವನ ಮುಖ ನೋಡುತ್ತಾಳೆ, ಕೈಯಲ್ಲಿ ಕೆಂಪು ಮುಚ್ಚಳ, ಕೆಂಪು ಮುಚ್ಚಳ