ಹಂಡ್ಯಾನ ಬೈಗುಳ

ನನ್ನ ಬಾಯಿ ಚಲೋ ಇಲ್ಲ ಎಂದು ಯರಗುಪ್ಪಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಸುಳ್ಳಲ್ಲ. ಆದರೆ ಹೇಳುವವರ ಬಾಯೇನು ಸಕ್ಕರೆಯೇ? ನಮ್ಮ ಓಣಿಯಲ್ಲಿ ತಾಯಂದಿರು ಮಕ್ಕಳ ಬಾಯಿಗೆ ತುತ್ತು ಇಡುವಾಗಲೂ "ತಿನ್ನ, ನಿನ್ನ ಹೆಣಾ ಎತ್ತಲಿ" ಎಂದೇ ಇಡುತ್ತಾರೆ. ಹೆಣ ಎತ್ತಬೇಕೆಂದು ಯಾರ ಮನಸ್ಸಿನಲ್ಲೂ ಇರುವುದಿಲ್ಲ. ಕೂತು ಮುದ್ದು ಮಾಡಲು ಪುರುಸೊತ್ತಿಲ್ಲದವರು ಬಾಯಿಂದಲೇ ಮಾಡುವ ಮುದ್ದು ಅದು. ಗಂಡನಿಗೆ ಹಾಗೆ ಅನ್ನುವಂತಿಲ್ಲ. ನಮ್ಮ ಮನೆಯವರ ಹೆಸರನ್ನು ಕೂಡ ನಾನು ಬಾಯಿಬಿಟ್ಟು ಹೇಳಿದವಳಲ್ಲ. ಹೀಗಾಗಿ ನನ್ನ ಬೈಗುಳವೆಲ್ಲ ಹಂಡ್ಯಾನ ಪಾಲಿಗೆ ಬಂತು.

ಹಂಡ್ಯಾ ನಮ್ಮ ನಾಯಿ. ಕರಿ ಮೈಮೇಲೆ ದೊಡ್ಡ ದೊಡ್ಡ ಬಿಳಿ ಮಚ್ಚೆ, ಅದಕ್ಕೇ ಆ ಹೆಸರು. ಹನ್ನೆರಡು ವರ್ಷದ ಹಿಂದೆ ಕಣದಲ್ಲಿ ಮೆಣಸಿನಕಾಯಿ ಒಣಹಾಕಿದ್ದೆವು. ಬೆಳಿಗ್ಗೆ ಹೋಗಿ ನೋಡಿದರೆ ಆ ಕೆಂಪು ರಾಶಿಯ ನಟ್ಟನಡುವೆ ಒಂದು ಮರಿ ಕೂತು ಸೀನುತ್ತಿದೆ! "ಇದರ ಹೆಣಾ ಎತ್ತಲಿ, ಎಲ್ಲಿಂದ ಬಂತಿದು?" ಎಂದು ಕುತ್ತಿಗೆ ಹಿಡಿದು ಎತ್ತಿದೆ. ಅದು ನನ್ನ ಮೂಗು ನೆಕ್ಕಿತು. ಅಷ್ಟೇ, ನಾನು ಅದನ್ನು ಮನೆಗೆ ತಂದೆ.

ಅಂದು ಕೇಳಿದ ಮೊದಲ ಮಾತನ್ನೇ ತನ್ನ ಹೆಸರು ಎಂದುಕೊಂಡನೋ ಏನೋ, "ಹಂಡ್ಯಾ" ಎಂದು ಕರೆದರೆ ಕಿವಿ ಕೂಡ ಅಲ್ಲಾಡಿಸುತ್ತಿರಲಿಲ್ಲ. ನಾನು ಹಿತ್ತಲಲ್ಲಿ ನಿಂತು "ಎಲ್ಲಿ ಸತ್ತ್ಯೋ, ನಿನ್ನ ಹೆಣಾ ಎತ್ತಲಿ" ಎಂದರೆ ಸಾಕು, ಓಣಿಯ ಆ ತುದಿಯಿಂದ ಬಾಲ ಬೀಸುತ್ತ ಓಡಿ ಬರುತ್ತಿದ್ದ. ಓಣಿಯ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಗಲಿ ಬಿಡಿ. ನಮ್ಮ ಮನೆಯವರು ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಕಣದಲ್ಲಿ ಮೆಣಸಿನಕಾಯಿ ಆರಿಸುತ್ತ ಇಡೀ ಊರಿನ ಮೇಲೆ ನನಗಿದ್ದ ಸಿಟ್ಟನ್ನೆಲ್ಲ ಕೂತು ಕೇಳಿದವನು ಹಂಡ್ಯಾ ಒಬ್ಬನೇ. ನಡುನಡುವೆ ಖಾರದ ಘಾಟಿಗೆ ಸೀನುತ್ತಿದ್ದ, ಆದರೆ ಎದ್ದು ಹೋಗುತ್ತಿರಲಿಲ್ಲ.

ಈ ವರ್ಷ ಸಂಕ್ರಾಂತಿ ಮುಗಿದ ಮೇಲೆ ಅವನು ರೊಟ್ಟಿ ಮೂಸಿ ಬಿಡತೊಡಗಿದ. ಹೊಟ್ಟೆ ಒಂದು ಕಡೆ ಉಬ್ಬಿತು. ಬಾಜು ಮನೆಯ ಮಶಾಕಸಾಬ ತನ್ನ ಟಂಟಂ ಗಾಡಿ ತಂದ. ಇಬ್ಬರೂ ಹಂಡ್ಯಾನನ್ನು ಗೋಣಿತಟ್ಟಿನ ಮೇಲೆ ಮಲಗಿಸಿಕೊಂಡು ಕುಂದಗೋಳದ ದನದ ದವಾಖಾನೆಗೆ ಹೋದೆವು. ಡಾಕ್ಟರು ಬಹಳ ಹೊತ್ತು ಹೊಟ್ಟೆ ಒತ್ತಿ ನೋಡಿದರು.

"ಗಡ್ಡಿ ಆಗೇತ್ರಿ ಅವ್ವಾರ. ಈ ವಯಸ್ಸಿನಾಗ ಕೊಯ್ಯೂದು ಬ್ಯಾಡ. ಹೆಚ್ಚಂದ್ರ ಒಂದ ತಿಂಗಳ ಇರತಾನ. ಈ ಗುಳಗಿ ಕೊಟ್ರ ಬ್ಯಾನಿ ಗೊತ್ತಾಗೂದಿಲ್ಲ, ಆರಾಮ ಇರತಾನ. ಆದ್ರ ಖಾಲಿ ಹೊಟ್ಟಿಗಿ ಕೊಡಬ್ಯಾಡ್ರಿ. ಹೊಟ್ಟಿಗಿ ಏನರ ಹೋಗಿರಬೇಕು."

ಅವನನ್ನು ಉಳಿಸುವುದು ನನ್ನ ಕೈಯಲ್ಲಿರಲಿಲ್ಲ. ನಾಲ್ಕು ತುತ್ತು ಉಣ್ಣಿಸುವುದು ಮಾತ್ರ ಇತ್ತು.

ಮನೆ ಮುಂದೆ ಟಂಟಂ ನಿಂತಿತು. "ಇಳಿಯೋ, ನಿನ್ನ ಹೆಣಾ..." ಎಂದವಳು ನಾಲಿಗೆ ಕಚ್ಚಿಕೊಂಡೆ. ಹನ್ನೆರಡು ವರ್ಷ, ದಿನಕ್ಕೆ ಏನಿಲ್ಲವೆಂದರೂ ಹತ್ತು ಸಲ ಅಂದಿದ್ದೆ. ದೇವರು ಕೇಳದೆ ಎಷ್ಟು ದಿನ ಇದ್ದಾನು? ನನ್ನ ಬಾಯೇ ಈ ಮೂಕಜೀವಕ್ಕೆ ತಟ್ಟಿತು ಎನಿಸಿತು. ಇನ್ನು ಮುಂದೆ ಕೆಟ್ಟ ಮಾತು ಆಡುವುದಿಲ್ಲ ಎಂದು ಕಲ್ಮೇಶ್ವರನಿಗೆ ಅಲ್ಲೇ ಕೈಮುಗಿದೆ.

ಆ ಸಂಜೆ ನುಚ್ಚಿಗೆ ಹಾಲು ಕಲಸಿ ಮುಂದಿಟ್ಟು, ಟಿವಿ ಧಾರಾವಾಹಿಯ ಒಳ್ಳೆಯ ಅತ್ತೆಯ ಹಾಗೆ ದನಿ ಸಣ್ಣ ಮಾಡಿ, "ಬಾ ನನ್ನ ರಾಜಾ, ಒಂದ ತುತ್ತ ಉಣ್ಣಪಾ" ಎಂದೆ. ಹಂಡ್ಯಾ ನನ್ನ ಮುಖ ನೋಡಿದ. ಆಮೇಲೆ ಕತ್ತು ತಿರುಗಿಸಿ ತನ್ನ ಹಿಂದೆ ನೋಡಿದ. ಹಿಂದೆ ಗೋಡೆಯ ಹೊರತು ಯಾರೂ ಇರಲಿಲ್ಲ.

ಅವನು ಉಣ್ಣಲಿಲ್ಲ. ಮರುದಿನವೂ ಇಲ್ಲ. ನಾನು "ಬಂಗಾರಾ" ಎಂದೆ, "ನನ್ನಪ್ಪಾ" ಎಂದೆ, ತಲೆ ಸವರಿದೆ. ಮಶಾಕಸಾಬನ ಹೆಂಡತಿ ಗೌಸಬಿ ಕೋಳಿ ಕುದಿಸಿದ ನೀರು ಕಳಿಸಿದಳು, ಅದನ್ನೂ ಮುಟ್ಟಲಿಲ್ಲ. ನಾನು ಮಾತಾಡಿದಷ್ಟೂ ಅವನು ಮುಖ ಗೋಡೆಯ ಕಡೆ ಮಾಡಿದ. ಮೂರನೆಯ ದಿನಕ್ಕೆ ನೋವು ತಡೆಯಲಾರದೆ ನರಳತೊಡಗಿದ. ಗುಳಿಗೆಗಳು ಗೋಡೆಯ ಮಾಡಿನಲ್ಲಿ ಹಾಗೇ ಇದ್ದವು.

ಮಧ್ಯಾಹ್ನ ಮಶಾಕಸಾಬ ನೋಡಲು ಬಂದ. ನಾನು ಬಟ್ಟಲು ಹಿಡಿದು "ರಾಜಾ, ರಾಜಾ" ಎನ್ನುತ್ತಿದ್ದೆ. ಅವನು ಬಟ್ಟಲ ಪಕ್ಕ ಕುಕ್ಕರುಗಾಲಲ್ಲಿ ಕೂತ.

"ಅಕ್ಕಾ, ನೀವು ಯಾರ ಜೋಡಿ ಮಾತಾಡಾಕತ್ತೀರಿ?"

"ಕಣ್ಣ ಕಾಣಂಗಿಲ್ಲೇನೋ ನಿನಗ? ಹಂಡ್ಯಾನ ಜೋಡಿ."

"ನನಗ ಬೈದ್ರಿ, ಇದು ಸರಿ. ಅವಗ್ಯಾಕ ಹಂಗ ಮಾತಾಡತೀರಿ? ನೀವು ಅವನ ಜೋಡಿ ಮಾತು ಬಿಟ್ಟೀರಿ ಅಂತ ತಿಳಕೊಂಡಾನ ಅಂವ."

ನಿಜ, ನಮ್ಮ ಕಡೆ ಸಿಟ್ಟು ಬಂದರೆ ಬೈಯುತ್ತೇವೆ, ಸಿಟ್ಟು ನೆತ್ತಿಗೇರಿದರೆ ಮರ್ಯಾದೆ ಕೊಡುತ್ತೇವೆ. ನನ್ನ ಒಡಹುಟ್ಟಿದ ತಂಗಿಯ ಜೊತೆ ಒಮ್ಮೆ ಜಗಳವಾಗಿ ನಾಲ್ಕು ವರ್ಷ ಮಾತು ಬಿಟ್ಟಿದ್ದೆ. ಮನೆಗೆ ಬಂದರೆ "ಬರ್ರಿ, ಕೂಡ್ರಿ, ಚಾ ತಗೋರಿ" ಎನ್ನುತ್ತಿದ್ದೆ. ಅವಳು ಆ ಚಹಾ ಕುಡಿಯಲಾರದೆ ಅತ್ತುಕೊಂಡು ಹೋಗಿದ್ದಳು. ಈಗ ಸಾಯಲು ಬಿದ್ದ ಜೀವಕ್ಕೆ ಅದನ್ನೇ ಮಾಡುತ್ತಿದ್ದೆನಲ್ಲ!

"ಮಶಾಕಸಾಬ, ನನ್ನ ಬಾಯಿ ತಟ್ಟೇತೋ ಅವಗ," ಎಂದೆ. ಅಳು ಬಂತು, ಸೆರಗು ಬಾಯಿಗೆ ಒತ್ತಿಕೊಂಡೆ.

ಅವನು ನಕ್ಕ. "ನಿಮ್ಮ ಬಾಯಿ ತಟ್ಟೂದಿದ್ರ ಈ ಓಣ್ಯಾಗ ಒಬ್ಬರರ ಉಳಿತಿದ್ವೇನ್ರಿ? ಎಲ್ಲಾರಕಿಂತ ಮೊದಲ ನಂದ ಎತ್ತತಿದ್ರು. ಬೈರಿ ಅಕ್ಕಾ. ಅಂವ ಹಸಿದಾನ."

ನಾನು ಕಣ್ಣೊರೆಸಿಕೊಂಡೆ. ಕಲ್ಮೇಶ್ವರನಿಗೆ ಮನಸ್ಸಿನಲ್ಲೇ ತಪ್ಪಾಯಿತು ಎಂದೆ. ಹೊಟ್ಟೆಯಿಂದ ದನಿ ಎತ್ತಿ ಅಂದೆ: "ಏ ಮೂಳಾ, ಎಷ್ಟ ಹೊತ್ತೋ? ಉಣ್ಣ, ನಿನ್ನ ಹೆಣಾ ಎತ್ತಲಿ!"

ಮೊದಲು ಒಂದು ಕಿವಿ ಎದ್ದಿತು. ಆಮೇಲೆ ಬಾಲ ನೆಲಕ್ಕೆ ಎರಡು ಸಲ ಬಡಿಯಿತು. ಗೋಡೆಯ ಕಡೆ ಇದ್ದ ಮುಖ ನನ್ನ ಕಡೆ ತಿರುಗಿತು. ಅಬ್ಬಾ, ಆ ಕಣ್ಣು! ಊರಿಗೆ ಹೋಗಿದ್ದವಳು ತಿರುಗಿ ಬಂದಳು ಎನ್ನುವ ಹಾಗೆ ನೋಡಿದ. ನಾನು ಬೈಯುತ್ತ ಹೋದೆ, ಅವನು ನೆಕ್ಕುತ್ತ ಹೋದ. ಅರ್ಧ ಬಟ್ಟಲು ಖಾಲಿಯಾಯಿತು. ಗುಳಿಗೆ ಹೊಟ್ಟೆಗೆ ಹೋಯಿತು. ನಮ್ಮ ಮನೆಯವರು ಬಾಗಿಲಲ್ಲಿ ನಿಂತು, "ಇನ್ನೂ ನಾಕ ಬೈ," ಎಂದರು. ಅವತ್ತಿನ ಹತ್ತು ಮಾತಿನಲ್ಲಿ ಮೂರು ಅಲ್ಲೇ ಖರ್ಚಾದವು.

ಆಮೇಲೆ ಇಪ್ಪತ್ತಾರು ದಿನ ಇದ್ದ. ಹೊತ್ತು ಹೊತ್ತಿಗೆ ಬೈದೆ, ಹೊತ್ತು ಹೊತ್ತಿಗೆ ಉಂಡ. ನರಳಲಿಲ್ಲ. ಮೆಣಸಿನಕಾಯಿ ರಾಶಿಯ ಬಾಜೂ ಬಿಸಿಲಿಗೆ ಮಲಗಿಸುತ್ತಿದ್ದೆ. ಒಂದು ದಿನ ಹಂದಿ ಬಂದಾಗ ಮಲಗಿದಲ್ಲಿಂದಲೇ ಬೊಗಳಿ ಓಡಿಸಿ, ನನ್ನ ಕಡೆ ನೋಡಿ, ಒಂದು ಸಲ ಸೀನಿದ. ನಾನು ನಕ್ಕೆ. ಸಾಯುವ ನಾಯಿಯ ಮುಂದೆ ಕೂತು ಅಷ್ಟು ಸುಖವಾಗಿ ನಗುತ್ತೇನೆಂದು ನಾನು ಅಂದುಕೊಂಡಿರಲಿಲ್ಲ.

ಇಪ್ಪತ್ತೇಳನೆಯ ಬೆಳಿಗ್ಗೆ ಎರಡು ತುತ್ತು ಉಂಡ. ನನ್ನ ಪಾದದ ಮೇಲೆ ಗದ್ದ ಇಟ್ಟು ಮಲಗಿದ. ಪಾದ ಜೋಮು ಹಿಡಿದರೂ ನಾನು ಅಲ್ಲಾಡಿಸಲಿಲ್ಲ. ಬಿಸಿಲು ಕಟ್ಟೆಗೆ ಬರುವ ಹೊತ್ತಿಗೆ ಉಸಿರು ನಿಂತಿತ್ತು.

ಹೊಲದ ಬದುವಿನ ಬೇವಿನ ಮರದ ಕೆಳಗೆ ನಮ್ಮ ಮನೆಯವರು ಮತ್ತು ಮಶಾಕಸಾಬ ಕುಣಿ ತೋಡಿ ಬಂದರು. ನಮ್ಮ ಮನೆಯವರು ಹಂಡ್ಯಾನ ಹಣೆಗೆ ವಿಭೂತಿ ಹಚ್ಚಿದರು. ಗೌಸಬಿ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡಳು. ಗಂಡಸರಿಬ್ಬರೂ ಎತ್ತಲು ಬಗ್ಗಿದರು.

"ಬಾಜೂ ಸರೀರಿ," ಎಂದೆ. "ಹನ್ನೆರಡ ವರ್ಷ ಎತ್ತಲಿ, ಎತ್ತಲಿ ಅಂದಾಕಿ ನಾನು. ನಾನ ಎತ್ತತೀನಿ."

ಅವನ ಪಕ್ಕ ಕೂತೆ. ನನ್ನ ಹಾಳು ಬಾಯಿಯಿಂದ ಬಂದದ್ದನ್ನೆಲ್ಲ ಪ್ರೀತಿ ಎಂದೇ ಕೇಳಿಸಿಕೊಂಡಿದ್ದ ಜೀವ. ಗಂಡನಿಗೆ ಅನ್ನುವಂತಿರಲಿಲ್ಲ, ತಂಗಿ ಹಾಗೆ ಕೇಳಿರಲಿಲ್ಲ, ಇವನು ಒಂದು ಮಾತನ್ನೂ ತಪ್ಪು ತಿಳಿದಿರಲಿಲ್ಲ. ನಿನ್ನ ಉಪಕಾರ ದೊಡ್ಡದು ಎಂದು ಕಿವಿಯಲ್ಲಿ ಹೇಳಬೇಕೆನಿಸಿತು. ಬಾಯಿಯವರೆಗೆ ಬಂತು. ಅಂಥ ಮಾತು ಕೇಳಿದರೆ ಮತ್ತೆ ಹಿಂದೆ ತಿರುಗಿ, ಯಾರಿಗೆ ಹೇಳುತ್ತಾಳೆ ಎಂದು ಹುಡುಕಿಯಾನು ಎಂದು ತಡೆದೆ. ಕುತ್ತಿಗೆಯ ಕೆಳಗೊಂದು, ಹೊಟ್ಟೆಯ ಕೆಳಗೊಂದು ಕೈ ಹಾಕಿದೆ.

"ಬಾರೋ, ನಿನ್ನ ಹೆಣಾ ಎತ್ತಲಿ," ಎಂದೆ. ಎತ್ತಿಕೊಂಡೆ.