ಬೆನ್ನುತೊಟ್ಟಿಲು

ಅಜ್ಜಿ ತೊಟ್ಟಿಲನ್ನು ಹೊಳೆಯ ನೀರಿಗೆ ಇಳಿಸಿ, ತೇಲಿಹೋಗದಂತೆ ಅದರ ಮೇಲೊಂದು ಕಲ್ಲು ಇಟ್ಟಳು. ದಡದಲ್ಲಿ ನಿಂತಿದ್ದ ಮ್ಯೂಸಿಯಮ್ಮಿನ ಹುಡುಗಿಗೆ ಜೀವ ಬಾಯಿಗೆ ಬಂದಂತಾಯಿತು.

"ಅದಕ್ಕೆ ನೀರು ತಾಗಬಾರದು," ಎಂದಳು. ಪಕ್ಕದಲ್ಲೇ ನಿಂತಿದ್ದ ಟೀಚರಿಗೂ ಅದು ಸರಿಯಾಗಿ ಕೇಳಿಸಲಿಲ್ಲ.

"ಏನಂದ್ರಿ?"

"ಏನಿಲ್ಲ."

ಮ್ಯೂಸಿಯಮ್ಮಿನಲ್ಲಿ ಎಲ್ಲರೂ ಈ ಹುಡುಗಿಯನ್ನು ಗವಸಮ್ಮ ಎಂದೇ ಕರೆಯುತ್ತಿದ್ದರು. ಹಳೆಯ ಸಾಮಾನುಗಳನ್ನು ರಿಪೇರಿ ಮಾಡುವುದು ಅವಳ ಕೆಲಸ. ಬಿಳಿ ಕೈಗವಸು ತೊಡದೆ ಅವಳು ಒಂದು ಮಣಿಯನ್ನೂ ಮುಟ್ಟಿದವಳಲ್ಲ. ಈ ಬೆತ್ತದ ಬೆನ್ನುತೊಟ್ಟಿಲಿನ ಮೇಲಂತೂ ಅವಳು ವರ್ಷಗಟ್ಟಲೆ ಉಸಿರು ಬಿಗಿಹಿಡಿದು ಕೂತಿದ್ದಳು. ತಾಯಿ ಇದರ ಪಟ್ಟಿಯನ್ನು ಹಣೆಗೆ ಕೊಟ್ಟು ಬೆನ್ನಿಗೆ ಹಾಕಿಕೊಂಡರೆ, ಒಳಗೆ ಕೂತ ಮಗು ಹಿಂದೆ ಸರಿಯುವ ದಾರಿಯನ್ನು ನೋಡುತ್ತಾ ಹೋಗುತ್ತದೆ. ಅವಳ ಸ್ವಂತ ಅಜ್ಜಿ ಹುಟ್ಟುವ ಮೊದಲೇ ಯಾರೋ ಇದನ್ನು ಈ ಬೆಟ್ಟದಿಂದ ಕೆಳಗೆ ಒಯ್ದಿದ್ದರು. ಬೆಟ್ಟದ ಜನ ನಮ್ಮದು ನಮಗೆ ಕೊಡಿ ಎಂದು ಕೇಳುತ್ತಲೇ ಬಂದಿದ್ದರು. ಕೊನೆಗೆ ಡೈರೆಕ್ಟರು ಒಪ್ಪಿದರು.

"ನೀವೇ ಹೋಗಿ," ಎಂದಿದ್ದರು ಅವರು. "ಗಾಜಿನ ಪೆಟ್ಟಿಗೇನೂ ಕೊಟ್ಟು, ಒಂದು ಫೋಟೋ ತೆಗೆದು ಬಂದ್ಬಿಡಿ. ಭಾಷಣ ಗೀಷಣ ಬೇಡ, ನಿಮಗೆ ಹೇಗೂ ಬರಲ್ಲ."

ಜೀಪು ಹೋಗುವ ದಾರಿ ಬೆಟ್ಟದ ಬುಡದಲ್ಲೇ ಮುಗಿಯಿತು. ಗಾಜಿನ ಪೆಟ್ಟಿಗೆ ಡ್ರೈವರನ ಜೊತೆ ಅಲ್ಲೇ ಉಳಿಯಿತು. ಈ ಬೆಟ್ಟದಲ್ಲೇ ಹುಟ್ಟಿ ಕೆಳಗಿನ ಶಾಲೆಯಲ್ಲಿ ಪಾಠ ಹೇಳುವ ಟೀಚರು ಮುಂದೆ, ತೊಟ್ಟಿಲನ್ನು ಎದೆಗವಚಿಕೊಂಡ ಇವಳು ಹಿಂದೆ. ಮರಗಳು ಎಷ್ಟು ಎತ್ತರವಿದ್ದವೆಂದರೆ ತುದಿಯಲ್ಲಿ ಬೀಸುವ ಗಾಳಿಯ ಸದ್ದು ಬೇರೆ ಯಾವುದೋ ಊರಿನದೆಂಬಂತೆ ಕೇಳುತ್ತಿತ್ತು. ದಾರಿಯುದ್ದಕ್ಕೂ ಜನ ನಿಂತಿದ್ದರು. ಒಬ್ಬರೂ ಇವಳ ಮುಖ ನೋಡಲಿಲ್ಲ. ಎಲ್ಲರ ಕಣ್ಣೂ ತೊಟ್ಟಿಲಿನ ಮೇಲೆ. ತಾನು ಒಂದು ವಸ್ತುವನ್ನು ಹೊತ್ತು ತಂದಿಲ್ಲ, ಯಾರನ್ನೋ ಕೈಹಿಡಿದು ಮನೆಗೆ ಕರೆತರುತ್ತಿದ್ದೇನೆ ಎಂದು ಅವಳಿಗೆ ಅನ್ನಿಸಿತು.

ಆದರೆ ಅಜ್ಜಿ ತೊಟ್ಟಿಲನ್ನು ಕಂಡದ್ದೇ ಸೊಂಟಕ್ಕೆ ಕೈಕೊಟ್ಟು ಬೆಟ್ಟದ ಭಾಷೆಯಲ್ಲಿ ಬಯ್ಯತೊಡಗಿದ್ದಳು.

"ನನಗಾ?" ಎಂದು ಇವಳು ಹೆದರಿ ಕೇಳಿದ್ದಳು.

"ನಿಮಗ್ಯಾಕೆ ಬಯ್ತಾಳೆ? ತೊಟ್ಟಿಲಿಗೆ," ಟೀಚರು ನಕ್ಕಿದ್ದಳು. "ಎಲ್ಲಿ ಹಾಳಾಗಿ ಹೋಗಿದ್ದೆ, ಬರೀ ಬಟ್ಟೆ ಕಟ್ಕೊಂಡು ಮಕ್ಕಳನ್ನ ಹೊತ್ತೂ ಹೊತ್ತೂ ನಮ್ಮ ಸೊಂಟ ಬಿದ್ದುಹೋಯ್ತು ಅಂತ. ಈಗ, ಬಂದಿದೀಯಲ್ಲ, ಮೊದಲು ನೀರು ಕುಡಿ ಅಂತಿದಾಳೆ."

ಹಾಗೆ ತೊಟ್ಟಿಲು ಹೊಳೆಯಲ್ಲಿ ನೀರು ಕುಡಿಯುತ್ತಿತ್ತು. ಸುತ್ತ ಗುಳ್ಳೆಗಳೇಳುತ್ತಿದ್ದವು.

ಗುಳ್ಳೆ ನಿಂತ ಮೇಲೆ ಅಜ್ಜಿ ಅದನ್ನೆತ್ತಿ ತೊಡೆಯ ಮೇಲಿಟ್ಟುಕೊಂಡಳು. ಮೂಳೆಯಂತೆ ಗಡುಸಾಗಿದ್ದ ಬೆತ್ತ ಅವಳ ಕೈಯಲ್ಲಿ ಬಾಗಿತು, ಮುರಿಯಲಿಲ್ಲ. ಹೆಬ್ಬೆರಳಿನಿಂದ ಒಂದೊಂದೇ ಗಂಟನ್ನು ಸವರುತ್ತಾ ಅಜ್ಜಿ ಏನೋ ಹೇಳತೊಡಗಿದಳು. ಟೀಚರು ತಗ್ಗಿದ ದನಿಯಲ್ಲಿ ಅದನ್ನೇ ಕನ್ನಡದಲ್ಲಿ ಹೇಳಿದಳು. "ಒಂದೊಂದು ಗಂಟೂ ಹಾಕಿದೋಳು ಯಾರು ಅಂತ ಅವಳಮ್ಮ ಹೇಳ್ಕೊಟ್ಟಿದ್ದಳಂತೆ. ಇವಳು ದೊಡ್ಡಮ್ಮ. ಇವಳು ಎಡಗೈಯವಳು, ನೋಡಿ, ಗಂಟು ಆ ಕಡೆ ವಾಲಿದೆ. ಇವಳು ಜಗಳಗಂಟಿ, ಎಳೆದಿದ್ದು ನೋಡಿ ಹೇಗಿದೆ. ಇವಳು ಅಜ್ಜಿಯ ಚಿಕ್ಕಮ್ಮ, ಹಾಡ್ತಾ ಹಾಡ್ತಾ ಗಂಟು ಸಡಿಲ ಬಿಡೋಳು."

ವಾಲಿದ ಗಂಟುಗಳನ್ನು ಇವಳು ಭೂತಗನ್ನಡಿಯಲ್ಲಿ ಎಷ್ಟು ಸಲ ನೋಡಿಲ್ಲ. ಈಗ ಒಬ್ಬೊಬ್ಬರಾಗಿ ಆ ಹೆಂಗಸರೆಲ್ಲ ಬಂದು ದಡದ ಕಲ್ಲುಗಳ ಮೇಲೆ ಕಾಲು ಚಾಚಿ ಕೂತಂತೆ ಇತ್ತು. ಅವಳು ಅರಿವಿಲ್ಲದೆಯೇ ಜಾಗ ಬಿಟ್ಟು ಸರಿದು ನಿಂತಳು.

ಅಜ್ಜಿಯ ಬೆರಳು ತಳಕ್ಕೆ ಬಂದು ನಿಂತಿತು. ಅಲ್ಲಿ ನಾಲ್ಕು ಗಂಟುಗಳು ಬೆಳ್ಳಗೆ ಎದ್ದು ಕಾಣುತ್ತಿದ್ದವು.

"ಇದು ಯಾರು ಅಂತ ಕೇಳ್ತಿದಾಳೆ," ಎಂದಳು ಟೀಚರು.

"ಅದು ನಾನೇ," ಇವಳ ಕಿವಿ ಬಿಸಿಯಾಯಿತು. "ಹರಿದಿತ್ತು. ನಾವು ಮಾಡಿದ ರಿಪೇರಿ ಬೇರೆಯಾಗಿ ಕಾಣಬೇಕು, ಅದಕ್ಕೇ ಬಿಳಿ ಬೆತ್ತ ಹಾಕಿದೆ. ಬೇಕಾದ್ರೆ ಬಿಚ್ಚಿಬಿಡ್ತೀನಿ."

ಟೀಚರು ಹೇಳಿದ್ದನ್ನು ಕೇಳಿ ಅಜ್ಜಿ ಇವಳನ್ನು ಮೊದಲ ಸಲ ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಮನೆಯ ಕಡೆ ತಿರುಗಿ ಕೂಗಿದಳು. ಕೆನ್ನೆಯುಬ್ಬಿದ ಗಂಡುಮಗುವೊಂದನ್ನು ಸೊಂಟದಲ್ಲಿಟ್ಟುಕೊಂಡು ಒಬ್ಬ ಎಳೆಯ ತಾಯಿ ಬಂದಳು. ಅಜ್ಜಿಯ ಮೊಮ್ಮಗಳು.

"ಬಿಚ್ಚೋ ಹಾಗಿಲ್ಲ," ಟೀಚರು ಹೇಳಿದಳು. "ಇದಕ್ಕೆ ಗಂಟು ಹಾಕಿದೋರೆಲ್ಲ ಇದರಲ್ಲಿ ಕೂರೋ ಮಕ್ಕಳಿಗೆ ಚಿಕ್ಕಮ್ಮಂದಿರೇ. ಕೊನೇ ಗಂಟು ನಿಮ್ಮದು. ಮೊದಲು ಮಗು ಕೂರಿಸೋದೂ ನೀವೇ."

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಅಕ್ಕ ಹೆತ್ತಾಗಲೂ ಮಗುವನ್ನು ಎತ್ತಿಕೊಳ್ಳದೆ ತಪ್ಪಿಸಿಕೊಂಡು ತಿರುಗಿದವಳು ಅವಳು. "ಸತ್ತೋರ ಸಾಮಾನು ಎತ್ತೋಕೆ ಬರುತ್ತೆ, ಬದುಕಿರೋ ಕೂಸು ಎತ್ತೋಕೆ ಭಯ ಇವಳಿಗೆ," ಎಂದು ಅಕ್ಕ ಇಂದಿಗೂ ಆಡಿಕೊಳ್ಳುತ್ತಾಳೆ. ಆದರೆ ಈಗಿನ ಭಯವೇ ಬೇರೆ. ತಳದ ಗಂಟು ಬಿಚ್ಚಿಕೊಂಡರೆ ಮಗು ಬೀಳುವುದು ಕಲ್ಲುದಾರಿಯ ಮೇಲೆ. ಸುಮ್ಮನಿದ್ದು ತಲೆಯಾಡಿಸಿದ್ದರೆ ಮರ್ಯಾದೆ ಉಳಿಯುತ್ತಿತ್ತು.

"ಬೇಡ," ಎಂದಳು. ಈ ಸಲ ಎಲ್ಲರಿಗೂ ಕೇಳಿಸಿತು. "ನಾನು ಹಾಕಿದ ಗಂಟು ನೋಡೋಕೆ ಹಾಕಿದ್ದು. ಗಾಜಿನೊಳಗೆ ಇಡೋಕೆ. ಭಾರ ತಡೆಯುತ್ತೋ ಇಲ್ವೋ ನನಗೇ ಗೊತ್ತಿಲ್ಲ."

ಟೀಚರು ಅದನ್ನು ತಿಳಿಸಿದಳು. ತಾಯಿ ಮಗುವನ್ನು ಇನ್ನಷ್ಟು ಹತ್ತಿರಕ್ಕೆ ಒತ್ತಿಕೊಂಡಳು. ಅಜ್ಜಿ ಮಾತ್ರ ಬಯ್ಯಲಿಲ್ಲ. ಬುಟ್ಟಿಯಿಂದ ಬೆತ್ತದ ಒಂದು ಹಸಿ ಸೀಳು ಎಳೆದು ಇವಳತ್ತ ಚಾಚಿದಳು. ಹೇಳಿದ್ದು ಚೂರೇ ಚೂರು.

"ಹಾಗಾದ್ರೆ ಕೂರೋಕೆ ಹಾಕು ಅಂತಿದಾಳೆ."

ಅವಳು ಕೈಗವಸು ಕಳಚಿ ಜೇಬಿಗೆ ತುರುಕಿದಳು. ಹೊಳೆಯಂಚಿನ ಕಲ್ಲಿನ ಮೇಲೆ ಕೂತು ತನ್ನ ನಾಲ್ಕು ಗಂಟುಗಳನ್ನು ತಾನೇ ಬಿಚ್ಚಿದಳು. ನೆಂದ ಬೆತ್ತ ಬರಿಗೈಗೆ ತಣ್ಣಗೆ, ನುಣ್ಣಗೆ, ಜೀವವಿದ್ದಂತೆ ತಾಗಿತು. ಎಡಗೈಯವಳ ಪಕ್ಕದಲ್ಲಿ ತೂರಿಸಿ, ಜಗಳಗಂಟಿಯ ಕೆಳಗಿನಿಂದ ಸುತ್ತಿ ಎಳೆದಳು. ಅಜ್ಜಿ ಅವಳ ಕೈಯ ಮೇಲೆ ಕೈಯಿಟ್ಟು ಇನ್ನೂ ಎಳೆ ಎಂಬಂತೆ ಒತ್ತಿದಳು. ಬೆರಳು ಕೊಯ್ದುಕೊಂಡಿತು. ಅಜ್ಜಿ ಅದನ್ನು ನೋಡಿ ಏನೋ ಅಂದಳು, ತಾಯಿಗೆ ನಗು ಬಂತು.

"ಏನಂತೆ?"

"ಜಗಳಗಂಟಿ ಕಚ್ಚಿದಳಂತೆ. ಹೊಸಬರನ್ನ ಹಾಗೇ ಮಾತಾಡಿಸೋದಂತೆ ಅವಳು."

ಮಧ್ಯಾಹ್ನವೆಲ್ಲ ತೊಟ್ಟಿಲು ಅಜ್ಜಿಯ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಕುಡಿಯಿತು. ಆ ಮನೆಯ ಗೋಡೆ, ಕಂಬ, ಸೌಟು ಎಲ್ಲಕ್ಕೂ ಅದೇ ಕಂದು ಬಣ್ಣ. ಕೆಳಗೆ ಕೂತ ಅವಳು ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಕತ್ತೆತ್ತಿ ನೋಡುತ್ತಲೇ ಇದ್ದಳು. ಬೆತ್ತ ಒಣಗುತ್ತಾ ಗಂಟುಗಳು ಬಿಗಿಯುವ ಸಣ್ಣ ಸದ್ದು, ಯಾರೋ ನಿದ್ದೆಯಲ್ಲಿ ಮಗ್ಗುಲಾದ ಹಾಗೆ, ಆಗಾಗ ಕೇಳುತ್ತಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಅಂಗಳದಲ್ಲಿ ತಾಯಿ ಮಗುವನ್ನು ಅವಳ ಕೈಗೆ ಕೊಟ್ಟಳು. ಅವಳು ಅಂದುಕೊಂಡದ್ದಕ್ಕಿಂತ ಅವನು ಭಾರವಿದ್ದ, ಬಿಸಿಯಾಗಿದ್ದ. ಹಿಡಿಯಲು ಬೇರೆ ಜಾಗ ಸಿಗದವನಂತೆ ಅವಳ ಮೂಗನ್ನೇ ಹಿಡಿದ. ಅವಳು ಅವನನ್ನು ತೊಟ್ಟಿಲಿನೊಳಗೆ ಕೂರಿಸಿ, ಒಂದು ಅಂಗೈಯನ್ನು ತಳದ ಕೆಳಗೇ ಒಡ್ಡಿ ಹಿಡಿದಳು. ಬೆತ್ತ ಕಿರ್ ಎಂದಿತು. ಇನ್ನೊಮ್ಮೆ ಕಿರ್ ಎಂದು, ಒಳಗಿನ ಭಾರವನ್ನು ಗುರುತಿಸಿದ ಹಾಗೆ, ಸುಮ್ಮನಾಯಿತು. ಅಜ್ಜಿ ಬಂದು ಅವಳ ಅಂಗೈಯನ್ನು ಮೆಲ್ಲಗೆ ಕೆಳಗಿನಿಂದ ಸರಿಸಿದಳು.

ತಾಯಿ ಪಟ್ಟಿಯನ್ನು ಹಣೆಗೆ ಏರಿಸಿ ಎದ್ದು ನಿಂತಳು. ಮೇಲಿನ ಮನೆಗಳವರು ಕಾಯುತ್ತಿದ್ದರು. ಅವಳು ಏರುದಾರಿ ಹಿಡಿದಳು. ಬೆನ್ನಮೇಲಿನ ಮಗು ಹಿಂದಕ್ಕೆ, ಅಂಗಳದಲ್ಲಿ ನಿಂತವರ ಕಡೆಗೆ, ಕಣ್ಣು ಮಿಟುಕಿಸದೆ ನೋಡುತ್ತಾ ಮೇಲೇರಿತು.

ಅಂಗಳದಲ್ಲಿ ಉಳಿದ ಗವಸಮ್ಮ ತೊಟ್ಟಿಲಿನ ತಳದಲ್ಲಿ ತನ್ನ ಗಂಟುಗಳನ್ನು ಹುಡುಕಿದಳು. ಹೊಗೆ ಎಲ್ಲವನ್ನೂ ಒಂದೇ ಬಣ್ಣ ಮಾಡಿತ್ತು. ಯಾವುದು ತನ್ನದು, ಯಾವುದು ಎಡಗೈಯವಳದು ಎಂದು ಅವಳಿಗೆ ತಿಳಿಯಲಿಲ್ಲ.